ಕಡಲ ಗಾಳಿಯಲ್ಲಿ ಕುಂಟಿದ ಆಟ: ಫ್ರೇಮ್ ರೇಟ್ ರಿಪೇರಿಯ ದಾಖಲೆ

ಕಾರವಾರದ ಕೋಡಿಬಾಗದಲ್ಲಿ, ಕಡಲಿಗೆ ಮುಖ ಮಾಡಿದ ಕಿಟಕಿಯ ಕೆಳಗೆ ನಾಲ್ಕು ಮಳೆಗಾಲ ಕಳೆದ ಕಂಪ್ಯೂಟರ್ ಇದು. ಕ್ಯಾಬಿನೆಟ್ ಇದ್ದದ್ದು ನೆಲದ ಮೇಲೆ. ಒಳಗಿರುವುದು ರೈಜೆನ್ 5 3600 ಪ್ರೊಸೆಸರ್ ಮತ್ತು ಅದರ ಜೊತೆಗೇ ಬಂದ ರೈತ್ ಸ್ಟೆಲ್ತ್ ಕೂಲರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ್‍ಯಾಮ್ ಕಡ್ಡಿಗಳು, ಜಿಟಿಎಕ್ಸ್ 1660 ಸೂಪರ್ 6 ಜಿಬಿ ಗ್ರಾಫಿಕ್ಸ್ ಕಾರ್ಡು, 500 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, 550 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಮಾನಿಟರ್ 1080ಪಿ, 75 ಹರ್ಟ್ಸ್.

ದೂರು ಹೀಗಿತ್ತು: ಸೈಬರ್‌ಪಂಕ್ 2077 ಆಡುವಾಗ ಶುರುವಿನಲ್ಲಿ ಪರವಾಗಿಲ್ಲ ಅನ್ನಿಸುತ್ತದೆ, ಹದಿನೈದು ನಿಮಿಷಕ್ಕೆ ಎಳೆಯಲು ಶುರುವಾಗುತ್ತದೆ. ಕಾರು ಓಡಿಸುತ್ತ ಹೊಸ ರಸ್ತೆಗೆ ತಿರುಗಿದರೆ ಚಿತ್ರ ಅರ್ಧ ಸೆಕೆಂಡು ನಿಂತೇ ಹೋಗುತ್ತದೆ. ಯಂತ್ರ ರಿಪೇರಿಗೆ ಬರುವ ಮೊದಲೇ ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲ ಕೆಳಗಿಳಿಸಿ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿ ಆಗಿತ್ತು. ಎರಡರಿಂದಲೂ ಏನೂ ಬದಲಾಗಿರಲಿಲ್ಲ.

ಹಂತ 1, ಜುಲೈ 7: ಮುಟ್ಟುವ ಮೊದಲು ಅಳತೆ

ಬಳಸಿದ್ದು ಮೂರು ಉಚಿತ ತಂತ್ರಾಂಶ: ಎಂಎಸ್‌ಐ ಆಫ್ಟರ್‌ಬರ್ನರ್, ಅದರ ಜೊತೆ ಬರುವ ರಿವಾಟ್ಯೂನರ್, ಮತ್ತು ಎಚ್‌ಡಬ್ಲ್ಯೂಇನ್ಫೋ. ಪರದೆಯ ಮೂಲೆಯಲ್ಲಿ ಕಾಣುವಂತೆ ಇಟ್ಟದ್ದು ಇಷ್ಟು: ಫ್ರೇಮ್ ಟೈಮಿನ (ಒಂದೊಂದು ಚಿತ್ರ ಮೂಡಲು ಹಿಡಿಯುವ ಸಮಯದ) ಗೆರೆ, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್ಪು) ಬಳಕೆ, ಅದರ ಶಾಖ, ಅದರ ಕ್ಲಾಕ್ (ಓಡುವ ವೇಗ), ಸಿಪಿಯು (ಪ್ರೊಸೆಸರ್) ಶಾಖ ಮತ್ತು ಕ್ಲಾಕ್, ರ್‍ಯಾಮ್ ಬಳಕೆ. ಆಟದ ಸೆಟ್ಟಿಂಗ್ 1080ಪಿ, ಎಲ್ಲವೂ ಮಧ್ಯಮ, ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸಿ ತೋರಿಸುವ ವಿಧಾನ) ಕ್ವಾಲಿಟಿ, ಜನಸಂದಣಿಯೂ ಮಧ್ಯಮ. ಇದನ್ನು ಬರೆದಿಟ್ಟುಕೊಂಡು, ಕೊನೆಯವರೆಗೂ ಕದಲಿಸಲಿಲ್ಲ.

ಆಟದೊಳಗೇ ಇರುವ ಬೆಂಚ್‌ಮಾರ್ಕನ್ನು ನಾಲ್ಕು ಸಲ ಓಡಿಸಿ ಮೊದಲನೆಯದನ್ನು ಕೈಬಿಡಬೇಕು, ಏಕೆಂದರೆ ಮೊದಲ ಓಟದಲ್ಲಿ ಡಿಸ್ಕಿನಿಂದ ಎಲ್ಲವನ್ನೂ ಹೊಸದಾಗಿ ಎಳೆದುಕೊಳ್ಳುತ್ತದೆ. ಬೆಂಚ್‌ಮಾರ್ಕ್ ಒಂದೇ ಸಾಲದು. ಅದು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಶಾಖದ ತೊಂದರೆ ಅಷ್ಟರಲ್ಲಿ ಹೊರಗೆ ಬರುವುದಿಲ್ಲ. ಹಾಗಾಗಿ ಒಂದೇ ದಾರಿಯಲ್ಲಿ 20 ನಿಮಿಷ ಕಾರು ಓಡಿಸಿದ ದಾಖಲೆಯನ್ನೂ ತೆಗೆದದ್ದು.

ಸಿಕ್ಕ ಅಂಕಿ: ಮೊದಲ 5 ನಿಮಿಷ ಸೆಕೆಂಡಿಗೆ ಸರಾಸರಿ 47 ಫ್ರೇಮ್ (ಚಿತ್ರ), 1 ಪರ್ಸೆಂಟ್ ಲೋ (ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮುಗಳ ಅಂಕಿ) 14. ಇಪ್ಪತ್ತನೆಯ ನಿಮಿಷಕ್ಕೆ ಸರಾಸರಿ 31, ಲೋ 9.

ಸರಾಸರಿ ಅಂಕಿಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಐವತ್ತೊಂಬತ್ತು ಫ್ರೇಮ್ 12 ಮಿಲಿಸೆಕೆಂಡಿನಂತೆ ಬಂದು ಒಂದೇ ಒಂದು 290 ತೆಗೆದುಕೊಂಡರೂ ಲೆಕ್ಕಕ್ಕೆ ಅದು 60 ಫ್ರೇಮೇ. ಕಣ್ಣಿಗೆ ಮಾತ್ರ ತಡವರಿಸಿದಂತೆ ಕಾಣುತ್ತದೆ. ರೋಗ ಗೊತ್ತಾಗುವುದು ಫ್ರೇಮ್ ಟೈಮಿನ ಗೆರೆಯ ಆಕಾರದಲ್ಲಿ. ಗೆರೆ ನಯವಾಗಿಯೇ ಇದ್ದು ನಿಮಿಷ ಕಳೆದಂತೆ ಮೇಲೇರುತ್ತ ಹೋದರೆ ಶಾಖ. ಗೆರೆಯ ಮಧ್ಯೆ ಸೂಜಿಯಂತೆ ಮುಳ್ಳು ಎದ್ದರೆ ಮೆಮೊರಿ ಅಥವಾ ಡಿಸ್ಕ್. ಲೆಕ್ಕ ಹಾಕಿದಂತೆ ಇಂತಿಷ್ಟು ಸೆಕೆಂಡಿಗೊಮ್ಮೆ ಒಂದೇ ಎತ್ತರದ ಮುಳ್ಳು ಬಂದರೆ ಹಿನ್ನೆಲೆಯಲ್ಲಿ ಓಡುವ ಯಾವುದೋ ಪ್ರೋಗ್ರಾಂ.

ಈ ಯಂತ್ರದಲ್ಲಿ ಮೊದಲ ಎರಡೂ ಇದ್ದವು. ಮುಳ್ಳುಗಳ ಎತ್ತರ 120ರಿಂದ 400 ಮಿಲಿಸೆಕೆಂಡ್, ಎದ್ದದ್ದು ಹೊಸ ಬೀದಿ ತೆರೆದುಕೊಳ್ಳುವಾಗ. ಅವುಗಳ ಕೆಳಗೆ ಗೆರೆಯೂ ಹನ್ನೆರಡನೆಯ ನಿಮಿಷದಿಂದ ಮೇಲಕ್ಕೆ ಹತ್ತುತ್ತಿತ್ತು. ಎರಡು ಬೇರೆ ಬೇರೆ ಕಾಯಿಲೆ ಒಂದರ ಮೇಲೊಂದು ಕೂತಿವೆ ಎಂದು ಅಲ್ಲಿಯೇ ಗೊತ್ತಾಯಿತು.

ಇನ್ನೊಂದು ಸುಳಿವು ಜಿಪಿಯು ಬಳಕೆ. ಮೊದಲ ಐದು ನಿಮಿಷದಲ್ಲಿ ಅದು 60ರಿಂದ 65 ಪರ್ಸೆಂಟ್ ದಾಟಲಿಲ್ಲ. ಕಾರ್ಡಿಗೆ ಮಾಡಲು ಕೆಲಸವೇ ಬರುತ್ತಿಲ್ಲ, ಕಾಯುತ್ತ ಕೂತಿದೆ ಎಂದರ್ಥ. ಖಚಿತ ಮಾಡಿಕೊಳ್ಳಲು ಎಲ್ಲ ಸೆಟ್ಟಿಂಗನ್ನೂ ಕೆಳಮಟ್ಟಕ್ಕೆ ಇಳಿಸಿ ಒಂದು ಓಟ: 47 ಇದ್ದದ್ದು 49 ಆಯಿತು. 720ಪಿಗೆ ಇಳಿಸಿದರೆ 50. ರೆಸೊಲ್ಯೂಷನ್ ಅರ್ಧಕ್ಕಿಂತ ಕಡಿಮೆ ಮಾಡಿದರೂ ಫ್ರೇಮ್ ಏರದಿದ್ದರೆ ಅಡ್ಡಿ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ, ಪ್ರೊಸೆಸರ್ ಮತ್ತು ಮೆಮೊರಿಯ ಕಡೆ. ಹೊಸ ಕಾರ್ಡಿಗೆ ದುಡ್ಡು ಹಾಕುವ ಮೊದಲು ಈ ಐದು ನಿಮಿಷದ ಪರೀಕ್ಷೆ ಎಲ್ಲರೂ ಮಾಡಲೇಬೇಕು.

ಹಂತ 2, ಜುಲೈ 8: ವ್ಯರ್ಥವಾದ ದಿನ

ಗ್ರಾಫಿಕ್ಸ್ ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶ ಬಳಸಿ ಬುಡಸಮೇತ ತೆಗೆದು ಹೊಸದು ಹಾಕಿದ್ದು: ವ್ಯತ್ಯಾಸ ಸೊನ್ನೆ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್: ಸೊನ್ನೆ. ಗೇಮ್ ರೆಕಾರ್ಡಿಂಗ್, ಓವರ್‌ಲೇಗಳನ್ನು ಆಫ್ ಮಾಡಿದ್ದು: ಸರಾಸರಿ 1 ಫ್ರೇಮ್ ಹೆಚ್ಚು, ಮುಳ್ಳು ಹಾಗೆಯೇ. ವಿಂಡೋಸಿನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ನೋಡಿದ್ದು: ಇನ್ನೆರಡು ಫ್ರೇಮ್, ಮುಳ್ಳು ಹಾಗೆಯೇ. ಎರಡು ಫ್ರೇಮಿಗಾಗಿ ಸುರಕ್ಷತೆಯ ಬಾಗಿಲು ತೆಗೆದಿಡುವುದು ತರವಲ್ಲ, ಅದನ್ನು ಮತ್ತೆ ಚಾಲೂ ಮಾಡಿದ್ದಾಯಿತು.

ಇಡೀ ಕೆಲಸದ ಅತಿ ದೊಡ್ಡ ತಪ್ಪು ಇಲ್ಲಿಯೇ ಆದದ್ದು, ಅದನ್ನು ಬಿಡಿಸಿ ಹೇಳಬೇಕು. ಜುಲೈ 7ರ ದಾಖಲೆಯಲ್ಲೇ ರ್‍ಯಾಮ್ ಬಳಕೆ 7.4 ಜಿಬಿ ಎಂದು ಸ್ಪಷ್ಟವಾಗಿ ಇತ್ತು. ಯಂತ್ರದಲ್ಲಿ 16 ಜಿಬಿ ಇದೆ ಎಂದು ಬಿಲ್ಲಿನಲ್ಲಿ ಇದ್ದದ್ದರಿಂದ, ಅರ್ಧವೂ ತುಂಬಿಲ್ಲ, ಮೆಮೊರಿ ಸರಿ ಇದೆ ಎಂದು ಗೀಟು ಎಳೆದು ಮುಂದೆ ಹೋದದ್ದು. ಬಿಲ್ಲಿನಲ್ಲಿ ಇರುವುದು ಬೇರೆ, ಬೋರ್ಡಿಗೆ ಕಾಣುವುದು ಬೇರೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ಒಟ್ಟು ಎಷ್ಟು, ವೇಗ ಎಷ್ಟು, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ನೋಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸಲು ಹೋಗಿ ಒಂದು ದಿನ ಹೋಯಿತು.

ಹಂತ 3, ಜುಲೈ 9: ಕಾಣೆಯಾದ 8 ಜಿಬಿ

ಟಾಸ್ಕ್ ಮ್ಯಾನೇಜರ್ ತೋರಿಸಿದ್ದು: ಒಟ್ಟು 8 ಜಿಬಿ, ವೇಗ 2133, ನಾಲ್ಕರಲ್ಲಿ ಒಂದೇ ಸ್ಲಾಟ್ ಬಳಕೆ. ಸಿಪಿಯು-ಝಡ್ ತೆರೆದರೆ ಚಾನೆಲ್ ಸಿಂಗಲ್ (ಮೆಮೊರಿಗೆ ಒಂದೇ ದಾರಿ), ಆವರ್ತನ 1066. (ಡಿಡಿಆರ್ ಆದ್ದರಿಂದ ಸಿಪಿಯು-ಝಡ್ ಅರ್ಧ ಅಂಕಿ ತೋರಿಸುತ್ತದೆ. 3200ರ ಕಡ್ಡಿಗೆ ಅಲ್ಲಿ 1600 ಬಂದರೆ ಸರಿ ಎಂದೇ ಲೆಕ್ಕ.)

ಈಗ ಎಲ್ಲ ಮುಳ್ಳಿಗೂ ಕಾರಣ ಸಿಕ್ಕಿತು. ಈ ಆಟದ 2.0 ಆವೃತ್ತಿ ಬಂದ ಮೇಲೆ ಕನಿಷ್ಠ 12 ಜಿಬಿ ರ್‍ಯಾಮ್ ಬೇಕು, 16 ಇದ್ದರೆ ಒಳ್ಳೆಯದು. ಇಲ್ಲಿ ಸಿಗುತ್ತಿದ್ದದ್ದು 8. ಉಳಿದದ್ದನ್ನು ವಿಂಡೋಸ್ ಪೇಜ್ ಫೈಲಿಗೆ (ರ್‍ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಹಾಕುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಜಾಗ ಉಳಿಸಲೆಂದು ಆ ಪೇಜ್ ಫೈಲನ್ನು ಯಾವಾಗಲೋ ಹಾರ್ಡ್ ಡಿಸ್ಕಿಗೆ ಸಾಗಿಸಿಟ್ಟಿದ್ದರು. ಹೊಸ ಬೀದಿಗೆ ತಿರುಗಿದಾಗಲೆಲ್ಲ ತಿರುಗುವ ತಟ್ಟೆಯ ಡಿಸ್ಕು ಓದಿ ಮುಗಿಸುವ ತನಕ ಆಟ ನಿಂತು ಕಾಯುತ್ತಿತ್ತು.

ಸರಾಸರಿ ಕುಸಿಯಲು ಕಾರಣ ವೇಗ. ಒಂದೇ ಕಡ್ಡಿ 2133ರಲ್ಲಿ ಓಡಿದರೆ ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗುತ್ತದೆ, ಎರಡು ಕಡ್ಡಿ 3200ರಲ್ಲಿ 51 ಜಿಬಿ. ಮೂರನೇ ಒಂದು ಪಾಲು ಮಾತ್ರ ಉಳಿದಿತ್ತು. ರೈಜೆನ್ 3000 ಸರಣಿಯಲ್ಲಿ ಪ್ರೊಸೆಸರಿನ ಒಳಗಿನ ಸಂಪರ್ಕದ ವೇಗವೂ ಮೆಮೊರಿ ವೇಗಕ್ಕೆ ಕಟ್ಟುಬಿದ್ದಿರುವುದರಿಂದ ಏಟು ಎರಡು ಪಟ್ಟು.

ವೇಗ 2133ಕ್ಕೆ ಇಳಿದದ್ದೇಕೆ? ಬಯೋಸ್ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪುಟ) ತೆರೆದರೆ ಗಡಿಯಾರ ಜನವರಿ 1ಕ್ಕೆ ಹಿಂದೆ ಹೋಗಿತ್ತು. ಬೋರ್ಡಿನ ಸಿಆರ್2032 ಬ್ಯಾಟರಿ ತೆಗೆದು ಮಲ್ಟಿಮೀಟರ್ ಹಿಡಿದರೆ 2.41 ವೋಲ್ಟ್. ಹೊಸದು 3 ವೋಲ್ಟಿಗಿಂತ ಸ್ವಲ್ಪ ಮೇಲೇ ಇರುತ್ತದೆ. ಕರೆಂಟು ಹೋದಾಗಲೆಲ್ಲ ಬಯೋಸಿನ ಎಕ್ಸ್‌ಎಂಪಿ ಸೆಟ್ಟಿಂಗ್ (ರ್‍ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವುದು) ಅಳಿಸಿಹೋಗಿ ಕಾರ್ಖಾನೆಯ ವೇಗಕ್ಕೆ ಮರಳುತ್ತಿತ್ತು. ಹೊಸ ಬ್ಯಾಟರಿ 40 ರೂಪಾಯಿ.

ಆದರೆ ಸೆಟ್ಟಿಂಗ್ ಅಳಿಸಿದ ಮಾತ್ರಕ್ಕೆ ಕಡ್ಡಿಯೇ ಮಾಯವಾಗುವುದಿಲ್ಲ. ಅದಕ್ಕೆ ಕ್ಯಾಬಿನೆಟ್ ಬಿಚ್ಚಬೇಕಾಯಿತು.

ಹಂತ 4, ಜುಲೈ 9 ಮತ್ತು 10: ಕಿಲುಬು

ಕಿಟಕಿಯ ಕಡೆ ಮುಖ ಮಾಡಿದ ಕಡ್ಡಿಯ ತುದಿಯಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಬುಡಕ್ಕೆ ಹಸಿರು ಚುಕ್ಕೆ. ತಾಮ್ರದ ಚೊಂಬಿನ ಸಂದಿಯಲ್ಲಿ ಕಟ್ಟುವ ಕಿಲುಬೇ ಇದು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ನಿಜ, ಆದರೆ ಲೇಪ ಬಹಳ ತೆಳು. ಅದರ ಸೂಕ್ಷ್ಮ ರಂಧ್ರಗಳಿಂದ ಉಪ್ಪು ನೀರು ಕೆಳಗಿನ ನಿಕಲ್ ಮತ್ತು ತಾಮ್ರವನ್ನು ಮುಟ್ಟುತ್ತದೆ. ಅಡುಗೆ ಉಪ್ಪು ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ತಾನಾಗಿ ನೀರಾಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುವುದರಿಂದ ಅದಕ್ಕಿಂತ ಎಷ್ಟೋ ಮೊದಲೇ ಪಸೆ ಹಿಡಿಯುತ್ತದೆ. ಪುನರ್ವಸು ಮಳೆ ಹೊಡೆಯುವಾಗ ಕಾರವಾರದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಘಟ್ಟದ ಮೇಲೆ ಶಿರಸಿ ಕಡೆಯಿಂದ ಬರುವ ಯಂತ್ರಗಳಲ್ಲಿ ತೇವ ಇಷ್ಟೇ ಇದ್ದರೂ ಈ ಹಸಿರು ಅಪರೂಪ. ಅಲ್ಲಿ ಕಾಣುವುದು ಬೂಷ್ಟು, ಇರುವೆ ಗೂಡು.

ಮೊದಲ ಪ್ರಯತ್ನ ಸೋತಿತು. ಕಡ್ಡಿ ತೆಗೆದು, ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹಾಕಿದರೂ 8 ಜಿಬಿಯೇ. (ನೀಲಿ ತುದಿಯ ಶಾಯಿ ರಬ್ಬರ್ ಬೇಡ, ಅದು ಮರಳು ಕಾಗದದಂತೆ ಲೇಪವನ್ನೇ ತೆಗೆದುಹಾಕುತ್ತದೆ.)

ಯಾವುದು ಕೆಟ್ಟಿದೆ ಎಂದು ತಿಳಿಯಲು ಕಡ್ಡಿಗಳನ್ನು ಅದಲು ಬದಲು ಮಾಡುವುದೇ ದಾರಿ. ಕೆಟ್ಟಿದೆ ಅಂದುಕೊಂಡ ಕಡ್ಡಿ ಎ2 ಸ್ಲಾಟಿನಲ್ಲಿ ಒಂಟಿಯಾಗಿ ಬೂಟ್ ಆಯಿತು. ಚೆನ್ನಾಗಿರುವ ಕಡ್ಡಿ ಬಿ2ರಲ್ಲಿ ಬೂಟ್ ಆಗಲಿಲ್ಲ. ಕಡ್ಡಿ ಸರಿ ಇದೆ, ಕಿಲುಬಿನ ಉಳಿಕೆ ಸ್ಲಾಟಿನ ಒಳಗಿದೆ. ಈ ಅದಲು ಬದಲನ್ನು ಮೊದಲೇ ಮಾಡಿದ್ದರೆ ರಬ್ಬರ್ ಉಜ್ಜುವ ಮೊದಲೇ ಸ್ಲಾಟಿಗೆ ಕೈ ಹಾಕಬಹುದಿತ್ತು.

ಸ್ಲಾಟ್ ತೊಳೆದ ಕ್ರಮ ಇದು. ಎಸ್‌ಎಂಪಿಎಸ್ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ಬ್ಯಾಟರಿ ತೆಗೆದು, ಬೋರ್ಡನ್ನು ನೆಟ್ಟಗೆ ನಿಲ್ಲಿಸಬೇಕು. ಕೊಳೆ ಸ್ಲಾಟಿನ ಆಳಕ್ಕೆ ಇಳಿಯದೆ ಹೊರಗೆ ಹರಿಯಲಿ ಎಂದು. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಆಲ್ಕೋಹಾಲಿನಲ್ಲಿ ಅದ್ದಿ ಸ್ಲಾಟಿನ ಉದ್ದಕ್ಕೆ ಮಾತ್ರ ಎಳೆಯಬೇಕು, ಅಡ್ಡಕ್ಕೆ ಎಂದೂ ಅಲ್ಲ. ಅಡ್ಡ ಎಳೆದರೆ ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳು ಬಾಗುತ್ತವೆ. ಆಮೇಲೆ ಕಡ್ಡಿಯ ಹಲ್ಲುಗಳನ್ನು ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಸ್ಲಾಟಿಗೆ ಹಾಕಿ ತೆಗೆದದ್ದು ಎಂಟು ಸಲ, ಪ್ರತಿ ಸಲವೂ ಹಲ್ಲುಗಳನ್ನು ಒರೆಸಿ. ಮೂರನೇ ಸಲದ ತನಕ ಬಟ್ಟೆಗೆ ಹಸಿರು ಚೆನ್ನಾಗಿ ಹತ್ತುತ್ತಿತ್ತು, ಆರನೆಯದಕ್ಕೆ ಪೂರ್ತಿ ನಿಂತಿತು. ಒಣಗಲು ಒಂದು ಗಂಟೆ ಫ್ಯಾನಿನ ಕೆಳಗೆ. ಆಲ್ಕೋಹಾಲ್ ಒಣಗಲು ಅಷ್ಟು ಹೊತ್ತು ಬೇಡ, ಆದರೆ ಅದು ಆರುವಾಗ ತಣ್ಣಗಾದ ಲೋಹದ ಮೇಲೆ ಮಳೆಗಾಲದ ಗಾಳಿಯ ನೀರು ಕೂರುತ್ತದೆ.

ಡಬ್ಲ್ಯೂಡಿ-40, ತೆಂಗಿನೆಣ್ಣೆ, ವ್ಯಾಸಲೀನ್ ಇವು ಯಾವುದನ್ನೂ ಸ್ಲಾಟಿಗೆ ಹಾಕಬಾರದು. ಆ ಜಿಡ್ಡಿಗೆ ಉಪ್ಪಿನ ಧೂಳು ಅಂಟಿಕೊಂಡು ಮುಂದಿನ ವರ್ಷ ಇನ್ನೂ ಕೆಟ್ಟದಾಗುತ್ತದೆ.

ಹಾಕಿದ ಕೂಡಲೇ 16 ಜಿಬಿ, ಡ್ಯುಯಲ್ ಚಾನೆಲ್.

ಅವಸರದಲ್ಲಿ ಇನ್ನೊಂದು ತಪ್ಪು ಆಯಿತು. ಬಯೋಸಿನಲ್ಲಿ ಎಕ್ಸ್‌ಎಂಪಿ ಪ್ರೊಫೈಲ್ ಆರಿಸುವ ಬದಲು ವೇಗದ ಪಟ್ಟಿಯಿಂದ 3200 ಅನ್ನು ನೇರವಾಗಿ ಒತ್ತಿದ್ದು. ಹಾಗೆ ಮಾಡಿದಾಗ ವೋಲ್ಟೇಜ್ 1.20ರಲ್ಲೇ ಉಳಿಯಿತು, ಈ ಕಡ್ಡಿಗೆ 3200ರಲ್ಲಿ 1.35 ಬೇಕು. ಯಂತ್ರ ಬೂಟ್ ಆಯಿತು, ವಿಂಡೋಸೂ ಬಂತು, ಮೆಮ್‌ಟೆಸ್ಟ್86 ಹಾಕಿದರೆ ಮೊದಲ ಸುತ್ತಿನಲ್ಲೇ ಕೆಂಪು ಸಾಲುಗಳು. ಕಡ್ಡಿಯೇ ಸತ್ತಿದೆ ಎಂದುಕೊಳ್ಳುವಷ್ಟು ದೋಷಗಳು. ಪ್ರೊಫೈಲ್ ಆರಿಸಿದ ಮೇಲೆ ರಾತ್ರಿಯಿಡೀ ನಾಲ್ಕು ಸುತ್ತು, ಒಂದು ದೋಷವೂ ಇಲ್ಲ. ಮೆಮೊರಿ ಮುಟ್ಟಿದ ಮೇಲೆ ಈ ಪರೀಕ್ಷೆ ಬಿಟ್ಟರೆ ಮುಂದೆ ಆಟ ಕುಸಿದು ಬಿದ್ದಾಗ ಕಾರಣ ಎಲ್ಲಿ ಹುಡುಕಬೇಕೆಂದೇ ತಿಳಿಯುವುದಿಲ್ಲ.

ಪೇಜ್ ಫೈಲನ್ನು ಎಸ್‌ಎಸ್‌ಡಿಗೆ ಮರಳಿ ತಂದು, ಗಾತ್ರ ವಿಂಡೋಸಿಗೇ ಬಿಟ್ಟದ್ದು.

ಹೊಸ ಅಂಕಿ: ಮೊದಲ 5 ನಿಮಿಷ ಸರಾಸರಿ 59, ಲೋ 44. ಮುಳ್ಳುಗಳು ಹೋದವು. ಜಿಪಿಯು ಬಳಕೆ 96 ಪರ್ಸೆಂಟ್, ಅಂದರೆ ಕಾರ್ಡಿಗೆ ಈಗ ಕೆಲಸ ಸಿಗುತ್ತಿದೆ. ಆದರೆ ಇಪ್ಪತ್ತನೆಯ ನಿಮಿಷಕ್ಕೆ ಸರಾಸರಿ ಮತ್ತೆ 41.

ಹಂತ 5, ಜುಲೈ 12: ಶಾಖ

ಎಚ್‌ಡಬ್ಲ್ಯೂಇನ್ಫೋ ದಾಖಲೆಯಲ್ಲಿ ಸಿಪಿಯು 95 ಡಿಗ್ರಿಗೆ ಅಂಟಿಕೊಂಡು ಕೂತಿತ್ತು. ಈ ಪ್ರೊಸೆಸರಿಗೆ ಅದೇ ಕೊನೆಯ ಮಿತಿ, ಅಲ್ಲಿಂದ ಅದು ತನ್ನ ವೇಗ ಇಳಿಸಿಕೊಳ್ಳುತ್ತದೆ. ಜಿಪಿಯು 84 ಡಿಗ್ರಿ, ಕ್ಲಾಕ್ 1890 ಇದ್ದದ್ದು 1500ಕ್ಕೆ ಇಳಿದಿತ್ತು. ಜಿಪಿಯು-ಝಡ್ ತಂತ್ರಾಂಶದ ಪರ್ಫ್‌ಕ್ಯಾಪ್ (ವೇಗ ತಡೆದ ಕಾರಣ) ಸಾಲಿನಲ್ಲಿ ಥರ್ಮಲ್ ಎಂದೇ ಬರುತ್ತಿತ್ತು.

ಬಿಚ್ಚುವ ಮೊದಲು ಒಂದು ಸುಲಭ ಪರೀಕ್ಷೆ: ಪಕ್ಕದ ಬಾಗಿಲು ತೆಗೆದು ಮೇಜಿನ ಫ್ಯಾನ್ ಹಿಡಿಯುವುದು. ಶಾಖ ಬಹಳ ಇಳಿದರೆ ತೊಂದರೆ ಗಾಳಿ ಓಡಾಟದ್ದು. ಇಳಿಯದಿದ್ದರೆ ಪೇಸ್ಟ್ (ಚಿಪ್ಪಿನಿಂದ ಹೀಟ್‌ಸಿಂಕಿಗೆ ಶಾಖ ದಾಟಿಸುವ ಲೇಪ) ಅಥವಾ ಹೀಟ್‌ಸಿಂಕಿನ (ಶಾಖ ಹೊರಹಾಕುವ ಲೋಹದ ರೆಕ್ಕೆಗಳು) ಹಿಡಿತದ್ದು. ಜಿಪಿಯು 9 ಡಿಗ್ರಿ ಇಳಿಯಿತು, ಸಿಪಿಯು ಬರೀ 3. ಹಾಗಾಗಿ ಕಾರ್ಡಿಗೆ ಧೂಳು, ಪ್ರೊಸೆಸರಿಗೆ ಪೇಸ್ಟ್ ಎಂದು ಅಂದಾಜು.

ಕಡಲ ಬದಿಯ ಧೂಳು ಒಣ ಧೂಳಲ್ಲ. ಉಪ್ಪಿನ ಪಸೆಯಿಂದ ಅದು ಒದ್ದೆ ಕಂಬಳಿಯ ಹಾಗೆ ಹೀಟ್‌ಸಿಂಕಿನ ರೆಕ್ಕೆಗಳ ಮಧ್ಯೆ ಒತ್ತಿಕೊಂಡಿರುತ್ತದೆ. ಬ್ಲೋವರ್ ಒಂದರಿಂದ ಅರ್ಧವೂ ಬರಲಿಲ್ಲ. ಒಂದಿಂಚಿನ ಪೇಂಟ್ ಬ್ರಷ್ಷಿನಿಂದ ಸಡಿಲಿಸಿ, ಆಮೇಲೆ ಊದಿದ್ದು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಸಿಪಿಯು ಕೂಲರ್ ತೆಗೆಯುವ ಕ್ರಮಕ್ಕೆ ಗಮನ ಬೇಕು. ಎಎಂ4 ಸಾಕೆಟ್ಟಿಗೆ ಕೂರುವ ಈ ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ, 1331. ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದಿದ್ದಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಯಂತ್ರಕ್ಕೆ ಭಾರೀ ಕೆಲಸ ಕೊಟ್ಟು ಬಿಸಿ ಮಾಡಿ, ಆರಿಸಿ, ವೈರ್ ಕಿತ್ತು, ಬಿಸಿ ಆರುವ ಮೊದಲೇ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿಕೊಳ್ಳಬೇಕು. ಇಲ್ಲಿ ಹಾಗೆಯೇ ಮಾಡಿದ್ದರಿಂದ ಕೈಗೆ ಸುರಕ್ಷಿತವಾಗಿ ಬಂತು.

ಪೇಸ್ಟ್ ಸುಣ್ಣದ ಹುಡಿಯಾಗಿತ್ತು. ಅಲ್ಯೂಮಿನಿಯಂ ರೆಕ್ಕೆಗಳ ಮೇಲೂ ಬಿಳಿ ಬೂದಿ ಎದ್ದಿತ್ತು, ಇದೂ ಉಪ್ಪಿನದ್ದೇ ಕೆಲಸ. ಫ್ಯಾನ್ ಬೇರ್ಪಡಿಸಿ, ಹೀಟ್‌ಸಿಂಕನ್ನು ಸಾಬೂನು ನೀರಲ್ಲಿ ತೊಳೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಹೇರ್ ಡ್ರೈಯರಿನಿಂದ ಒಣಗಿಸಿದ್ದು. ಹೊಸ ಪೇಸ್ಟ್ ಎಂಎಕ್ಸ್-4. ರೈಜೆನ್ 3600ರ ಒಳಗಿನ ಬಿಸಿಯಾಗುವ ತುಂಡು ನಡುವಿನಲ್ಲಿ ಇಲ್ಲ, ಒಂದು ಬದಿಗಿದೆ. ಅದಕ್ಕೆ ನಡುವೆ ಒಂದೇ ಚುಕ್ಕೆ ಇಡುವ ಬದಲು, ನಡುವೆ ಒಂದು ದೊಡ್ಡದು, ನಾಲ್ಕು ಮೂಲೆಗೆ ಸಾಸಿವೆ ಗಾತ್ರದವು.

ಫಲ: 20 ನಿಮಿಷದ ನಂತರ ಸಿಪಿಯು 78 ಡಿಗ್ರಿ.

ಹಂತ 6, ಜುಲೈ 13ರಿಂದ 19: ಕಾರ್ಡಿನ ಪ್ಯಾಡ್ ಮತ್ತು ಅರ್ಧ ಮಿಲಿಮೀಟರಿನ ಬೆಲೆ

ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿದಾಗ ಆದ ಅಳತೆಯ ಒಂದು ತಪ್ಪಿಗೆ ಆರು ದಿನ ಹೋಯಿತು. ವಾರಂಟಿ ಮುಗಿದಿರುವುದನ್ನು ಖಚಿತ ಮಾಡಿಕೊಂಡ ಮೇಲೆಯೇ ಸ್ಕ್ರೂ ಮುಟ್ಟಿದ್ದು. ಚಿಪ್ಪಿನ ಪೇಸ್ಟ್ ಒಣಗಿತ್ತು. ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡುಗಳು (ಶಾಖ ದಾಟಿಸುವ ಮೆತ್ತೆಗಳು) ಬಿಚ್ಚುವಾಗ ಹರಿದವು. ಕೈಯಲ್ಲಿದ್ದದ್ದು 1.5 ಮಿಲಿಮೀಟರ್ ದಪ್ಪದ ಪ್ಯಾಡ್, ದರ 480 ರೂಪಾಯಿ. ದಪ್ಪ ಇದ್ದರೆ ಚೆನ್ನಾಗಿ ಒತ್ತಿ ಕೂರುತ್ತದೆ ಎಂದು ಅದನ್ನೇ ಕತ್ತರಿಸಿ ಹಾಕಿ ಮುಚ್ಚಿದ್ದಾಯಿತು.

ಆಟ ಶುರುವಾದ ಐದೇ ನಿಮಿಷಕ್ಕೆ ಕಾರ್ಡು 83 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 117. ಮೊದಲಿಗಿಂತ ಕಡೆ. ದಪ್ಪ ಪ್ಯಾಡುಗಳು ಹೀಟ್‌ಸಿಂಕನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರಿಂದ ಮುಖ್ಯ ಚಿಪ್ಪಿಗೆ ಅದು ಸರಿಯಾಗಿ ತಾಗುತ್ತಿರಲಿಲ್ಲ. ಶಾಖದ ಅಂಕಿಗೂ ಹಾಟ್‌ಸ್ಪಾಟ್ ಅಂಕಿಗೂ ಮಧ್ಯೆ 10ರಿಂದ 15 ಡಿಗ್ರಿ ಅಂತರ ಸಹಜ. ಅದು 30 ದಾಟಿದರೆ ಹಿಡಿತ ತಪ್ಪಿದೆ ಎಂದೇ ತಿಳಿದು ಕೂಡಲೇ ಆರಿಸಬೇಕು.

ಬಿಚ್ಚಿ ನೋಡಿದರೆ ಪೇಸ್ಟ್ ಚಿಪ್ಪಿನ ಒಂದು ಅಂಚಿನಲ್ಲಿ ಮಾತ್ರ ಹರಡಿತ್ತು, ಉಳಿದ ಕಡೆ ಹಾಕಿದಂತೆ ಗುಡ್ಡೆ. ಹಳೆಯ ಪ್ಯಾಡಿನ ತುಂಡನ್ನು ಡಿಜಿಟಲ್ ವರ್ನಿಯರಿನಲ್ಲಿ ಅಳೆದರೆ, ಒತ್ತಿಹೋದ ಭಾಗ 0.8, ಒತ್ತದ ಅಂಚು 1.0. ಬೇಕಾದದ್ದು 1 ಮಿಲಿಮೀಟರ್. ಹಳೆಯ ತುಂಡನ್ನು ಕಸಕ್ಕೆ ಹಾಕುವ ಮೊದಲು, ಒತ್ತದ ಅಂಚನ್ನು ಅಳೆಯಬೇಕಿತ್ತು. ಒಂದು ಕಾರ್ಡಿನಲ್ಲೇ ಮೆಮೊರಿಗೆ ಒಂದು ದಪ್ಪ, ವೋಲ್ಟೇಜ್ ಭಾಗಕ್ಕೆ ಇನ್ನೊಂದು ದಪ್ಪ ಇರುವುದೂ ಉಂಟು, ಆದ್ದರಿಂದ ಒಂದೊಂದು ಜಾಗದ ತುಂಡನ್ನೂ ಬೇರೆಯಾಗಿ ಅಳೆದು ಬರೆದಿಡಬೇಕು.

ಒಂದು ಮಿಲಿಮೀಟರಿನ ಪ್ಯಾಡ್ ಕಾರವಾರದ ಅಂಗಡಿಗಳಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯಿಂದ ತರಿಸಿದ್ದು 450 ರೂಪಾಯಿ, ಕೈಗೆ ಬರಲು ನಾಲ್ಕು ದಿನ. ಈ ಸಲ ಪೂರ್ತಿ ಬಿಗಿಯುವ ಮೊದಲು ಒಮ್ಮೆ ಹೀಟ್‌ಸಿಂಕ್ ಕೂರಿಸಿ ತೆಗೆದು ಪೇಸ್ಟಿನ ಅಚ್ಚು ನೋಡಿದ್ದು: ಚಿಪ್ಪಿನ ತುಂಬ ಒಂದೇ ಸಮ. ಆಮೇಲೆ ಒರೆಸಿ, ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಕಾಲು ಸುತ್ತಿನಂತೆ ಬಿಗಿದದ್ದು.

ಜುಲೈ 19ರ ಅಂಕಿ, 30 ನಿಮಿಷದ ನಂತರ: ಜಿಪಿಯು 71, ಹಾಟ್‌ಸ್ಪಾಟ್ 83, ಕ್ಲಾಕ್ 1875ರಿಂದ ಕದಲಿಲ್ಲ. ಸರಾಸರಿ 61, ಲೋ 47. ಐದನೆಯ ನಿಮಿಷದಲ್ಲೂ ಅದೇ, ಮೂವತ್ತನೆಯದರಲ್ಲೂ ಅದೇ.

ಹಂತ 7, ಜುಲೈ 20: ಕರೆಂಟು, ಮತ್ತು ಮಾನಿಟರಿನ ವೈರು

ಸಂಜೆ ಏಳರ ನಂತರ ಆ ಮನೆಯ ಪ್ಲಗ್ಗಿನಲ್ಲಿ ವೋಲ್ಟೇಜ್ 188ಕ್ಕೆ ಇಳಿಯುತ್ತದೆ ಎಂಬುದರಿಂದ ಅದರ ಮೇಲೂ ಅನುಮಾನ ಇತ್ತು. ಆಟ ಓಡುವಾಗ ಮೋಲೆಕ್ಸ್ ಕನೆಕ್ಟರಿನ ಹಳದಿ ವೈರಿನಲ್ಲಿ ಅಳೆದರೆ 11.91. ಹನ್ನೆರಡು ವೋಲ್ಟಿನ ಸಾಲಿಗೆ 11.4ರಿಂದ 12.6ರ ತನಕ ಅನುಮತಿ ಇದೆ, ಹಾಗಾಗಿ ಫ್ರೇಮ್ ಬೀಳಲು ಇದು ಕಾರಣವಲ್ಲ. ವೋಲ್ಟೇಜ್ ತೀರಾ ಇಳಿದರೆ ಯಂತ್ರ ಆರಿ ಮತ್ತೆ ಏಳುತ್ತದೆ, ಫ್ರೇಮ್ ನಿಧಾನವಾಗಿ ಕುಸಿಯುವುದಿಲ್ಲ. ಸ್ಟೆಬಿಲೈಸರ್ ಕೊಳ್ಳಿ ಎಂಬ ಸಲಹೆಯನ್ನು ಈ ರೋಗಕ್ಕೆ ಮದ್ದು ಎಂದು ನಂಬಬಾರದು.

ಕೊನೆಗೆ ಉಳಿದದ್ದು ಮಾನಿಟರ್. ಅದಕ್ಕೆ ಫ್ರೀಸಿಂಕ್ (ಫ್ರೇಮ್ ಬರುವ ವೇಗಕ್ಕೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುವುದು) ಇದೆ, 48ರಿಂದ 75 ಹರ್ಟ್ಸ್ ತನಕ. ಆದರೆ ಎಚ್‌ಡಿಎಂಐ ವೈರಿನಲ್ಲಿ ಸೇರಿಸಿದ್ದರಿಂದ ಈ ಕಾರ್ಡಿನೊಂದಿಗೆ ಅದು ಚಾಲೂ ಆಗಿರಲಿಲ್ಲ, ಡಿಸ್‌ಪ್ಲೇಪೋರ್ಟ್ ಬೇಕು. ವೈರ್ 350 ರೂಪಾಯಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಜಿ-ಸಿಂಕ್ ಕಂಪ್ಯಾಟಿಬಲ್ (ಇದೇ ಹೊಂದಾಣಿಕೆಗೆ ಅಲ್ಲಿನ ಹೆಸರು) ಆನ್ ಮಾಡಿ, ರಿವಾಟ್ಯೂನರಿನಲ್ಲಿ ಫ್ರೇಮ್ ಮಿತಿ 55ಕ್ಕೆ ಕಟ್ಟಿದ್ದು. 61 ಬರುವಾಗ 55ಕ್ಕೆ ಏಕೆ ಕಟ್ಟಬೇಕು ಎಂದು ಕೇಳುವವರಿದ್ದಾರೆ. ಒಂದೊಂದು ಫ್ರೇಮಿಗೂ 18.2 ಮಿಲಿಸೆಕೆಂಡ್ ಒಂದೇ ಸಮನಾಗಿ ಸಿಗುತ್ತದೆ, ಕಾರ್ಡಿಗೆ ಉಸಿರಾಡಲು ಜಾಗ ಇರುತ್ತದೆ, ಶಾಖ ಇನ್ನೂ 4 ಡಿಗ್ರಿ ಇಳಿಯುತ್ತದೆ. 48ರ ಕೆಳಗೆ ಬಿದ್ದರೆ ಈ ಮಾನಿಟರಿನಲ್ಲಿ ಸಿಂಕ್ ತಪ್ಪಿ ತಡವರಿಕೆ ಕಣ್ಣಿಗೆ ಹೊಡೆಯುತ್ತದೆ. ಮಿತಿ ಕಟ್ಟಿದ ಮೇಲೆ ಹಾಗೆ ಬಿದ್ದದ್ದು ಅರ್ಧ ಗಂಟೆಯಲ್ಲಿ ಎರಡೇ ಸಲ. ಆಡುವವರಿಗೆ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಈ ಹಂತದಲ್ಲಿ.

ಖರ್ಚು

ಬ್ಯಾಟರಿ 40, ಆಲ್ಕೋಹಾಲ್ 280, ಪೇಸ್ಟ್ 450, ಬ್ರಷ್ ಎರಡು 70, ತಪ್ಪಾದ ಪ್ಯಾಡ್ 480, ಸರಿಯಾದ ಪ್ಯಾಡ್ 450, ಡಿಸ್‌ಪ್ಲೇಪೋರ್ಟ್ ವೈರ್ 350. ಒಟ್ಟು 2,120 ರೂಪಾಯಿ, ಅದರಲ್ಲಿ 480 ದಂಡ.

ಹಂತ 8, ಜುಲೈ 21: ಮತ್ತೆ ಅದೇ ಮನೆಗೆ ಹೋಗುವ ಮೊದಲು

ಕ್ಯಾಬಿನೆಟ್ಟನ್ನು ಕಿಟಕಿಯಿಂದ ತೆಗೆದು ಒಳಗೋಡೆಯ ಬದಿಗೆ, ನೆಲದಿಂದ ಒಂದೂವರೆ ಅಡಿ ಎತ್ತರದ ಸ್ಟೂಲಿನ ಮೇಲೆ ಇಡಲು ಹೇಳಿದ್ದು. ಗಾಳಿ ಒಳಗೆ ಎಳೆಯುವ ಫ್ಯಾನಿಗೆ ಸೊಳ್ಳೆ ಪರದೆಯ ನೈಲಾನ್ ಬಲೆಯನ್ನು ಒಂದೇ ಪದರ ಕಟ್ಟಿದ್ದು. ಎರಡು ಪದರ ಹಾಕಿ ನೋಡಿದಾಗ ಸಿಪಿಯು 5 ಡಿಗ್ರಿ ಏರಿತು, ಒಂದನ್ನು ತೆಗೆದದ್ದು. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು.

ಸಿಲಿಕಾ ಜೆಲ್ ಪೊಟ್ಟಣ ಕ್ಯಾಬಿನೆಟ್ಟಿನೊಳಗೆ ಇಡುವುದರಿಂದ ಏನೂ ಪ್ರಯೋಜನವಿಲ್ಲ. ಫ್ಯಾನುಗಳು ನಿಮಿಷ ನಿಮಿಷಕ್ಕೂ ಹೊರಗಿನ ಗಾಳಿಯನ್ನು ಎಳೆಯುವಾಗ ಆ ಚೀಲ ಒಂದೇ ದಿನದಲ್ಲಿ ತುಂಬಿಹೋಗುತ್ತದೆ. ಬಿಚ್ಚಿ ಡಬ್ಬಿಯಲ್ಲಿ ಮುಚ್ಚಿಟ್ಟ ಕಾರ್ಡು, ರ್‍ಯಾಮುಗಳಿಗಾದರೆ ಅದು ಒಳ್ಳೆಯದು. ಓಡುವ ಯಂತ್ರಕ್ಕೆ ಒಳ್ಳೆಯದೆಂದರೆ ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇಡುವುದು. ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಓದಿನ ಪರೀಕ್ಷೆಗೆಂದು ಎರಡು ತಿಂಗಳು ಮುಚ್ಚಿಟ್ಟ ಯಂತ್ರಗಳಲ್ಲೇ ಕಿಲುಬು ಹೆಚ್ಚು ಕಂಡಿದೆ. ಎಸಿ ಇರುವ ಕೋಣೆಯಲ್ಲಿ ಎಸಿ ಆರಿಸಿದ ಕೂಡಲೇ ಕಿಟಕಿ ತೆರೆಯಬಾರದು, ತಣ್ಣಗಿರುವ ಬೋರ್ಡಿನ ಮೇಲೆ ಹೊರಗಿನ ಗಾಳಿ ಬೆವರಿಳಿಸುತ್ತದೆ.

ಜುಲೈ 29ರಂದು, ಪುಷ್ಯ ಮಳೆಯ ಮಧ್ಯೆ, ಅದೇ ದಾರಿಯ ಅಳತೆಯನ್ನು ಅದೇ ಮನೆಯಲ್ಲಿ ಮತ್ತೆ ತೆಗೆದದ್ದು: ಮಿತಿ 55, ಸರಾಸರಿ 54.7, ಲೋ 47, ರ್‍ಯಾಮ್ 11.2 ಜಿಬಿ ಬಳಕೆ, ಎರಡೂ ಸ್ಲಾಟ್ ಕಾಣುತ್ತಿವೆ. ಡ್ರೈವರ್ ಹೊಸದು ಹಾಕಿದ ಮೇಲಿನ ಮೊದಲ ಎರಡು ಮೂರು ನಿಮಿಷ ಸಣ್ಣ ಮುಳ್ಳುಗಳು ಏಳುತ್ತವೆ. ಅದು ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ಸಂಗ್ರಹ ಹೊಸದಾಗಿ ಕಟ್ಟಿಕೊಳ್ಳುವುದು, ಎರಡನೇ ಸಲ ಆಡುವಾಗ ಇರುವುದಿಲ್ಲ, ಅದಕ್ಕೆ ಯಾವ ರಿಪೇರಿಯೂ ಬೇಡ. ಬಿ2 ಸ್ಲಾಟನ್ನು ಮಳೆ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ, ಇನ್ನೊಮ್ಮೆ ತೆರೆದು ನೋಡಬೇಕಿದೆ.